ಔಟ್‌ಪಾಸ್‌ನಲ್ಲಿ ಮರಳಿದ ತಮ್ಮ: ಕೇಸಿನ ಭಯ, ಹೊಸ ಪಾಸ್‌ಪೋರ್ಟ್, ಹಳೆಯ ಸಾಲ

ಪ್ರಶ್ನೆ

ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ನನ್ನ ತಮ್ಮನಿಗೆ 38 ವರ್ಷ, ಒಂಬತ್ತನೇ ಕ್ಲಾಸಿನವರೆಗೆ ಓದಿದ್ದಾನೆ. 2015ರಲ್ಲಿ ಹೌಸ್ ಡ್ರೈವರ್ ವೀಸಾದಲ್ಲಿ ಸೌದಿಗೆ ಹೋದ. ಮೂರು ವರ್ಷ ಒಂದೇ ಮನೆಯಲ್ಲಿ ಕಾರು ಓಡಿಸಿದ. ಏಳು ತಿಂಗಳ ಸಂಬಳ ನಿಂತಾಗ ಆ ಮನೆ ಬಿಟ್ಟು ಹೊರಬಂದ, ಕಫೀಲ (ವೀಸಾ ಕೊಟ್ಟ ಮಾಲೀಕ) ಹುರೂಬ್ (ಓಡಿಹೋದನೆಂಬ ದೂರು) ಹಾಕಿದ. ಆಮೇಲೆ ಇಕಾಮಾ (ಅಲ್ಲಿನ ವಾಸದ ಪರವಾನಗಿ) ಇಲ್ಲದೆ ಒಂದು ಗ್ಯಾರೇಜಿನಲ್ಲಿ ಕಾರಿನ ಎ.ಸಿ. ರಿಪೇರಿ ಕಲಿತು ಅದರಲ್ಲೇ ಇದ್ದ. ಅಪ್ಪ ತೀರಿಕೊಂಡಾಗಲೂ ಬರಲಾಗಲಿಲ್ಲ. ನಾಲ್ಕು ತಿಂಗಳ ಹಿಂದೆ ಚೆಕಿಂಗ್‌ನಲ್ಲಿ ಸಿಕ್ಕಿಬಿದ್ದ. ಮೂರು ವಾರ ತರಹೀಲಿನಲ್ಲಿಟ್ಟು (ಗಡೀಪಾರಿಗೆ ಮುಂಚೆ ಕೂಡಿಹಾಕುವ ಜಾಗ), ಬೆರಳಚ್ಚು ತೆಗೆದುಕೊಂಡು, ಔಟ್‌ಪಾಸ್ (ಪಾಸ್‌ಪೋರ್ಟ್ ಬದಲಿನ ಪ್ರಯಾಣದ ಕಾಗದ) ಮೇಲೆ ವಾಪಸ್ ಕಳಿಸಿದರು. ಪಾಸ್‌ಪೋರ್ಟ್ ಮೊದಲ ಕಫೀಲನ ಹತ್ತಿರವೇ ಉಳಿಯಿತು.

ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಲ್ಲೂ ಕೇಸಾಗುತ್ತದೆ, ಇನ್ನು ಜನ್ಮದಲ್ಲಿ ಪಾಸ್‌ಪೋರ್ಟ್ ಸಿಗುವುದಿಲ್ಲ ಅನ್ನುತ್ತಾರೆ. ಮೈಸೂರಿನ ಏಜೆಂಟ್ ಒಬ್ಬರು 1,80,000 ರೂಪಾಯಿ ಕೊಟ್ಟರೆ ಹೆಸರು, ಹುಟ್ಟಿದ ತಾರೀಖು ಬದಲಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿ ದುಬೈಗೆ ಕಳಿಸುತ್ತೇನೆ ಅಂದಿದ್ದಾರೆ. ಅವನು ಹೋಗುವಾಗ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದ 1,20,000 ರೂಪಾಯಿ ಅಸಲು ಹಾಗೇ ಇದೆ, ಬಡ್ಡಿ ಮಾತ್ರ ಕಟ್ಟಿಕೊಂಡು ಬಂದಿದ್ದೇವೆ. ಬಾಕಿ ಸಂಬಳ ಬರುತ್ತದಾ? ಹೆಂಡತಿ, ಹನ್ನೊಂದು ವರ್ಷದ ಮಗಳು ಇದ್ದಾರೆ. ಅವನು ಮನೆಯಿಂದ ಆಚೆ ಬರುವುದೇ ಇಲ್ಲ. ನಾವು ಏನು ಮಾಡಬೇಕು?

ಉತ್ತರ

ತಾಯಿ, ಮೊದಲು ಒಂದು ಕೆಲಸ ಮಾಡಿ: ಆ ಏಜೆಂಟಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ತಮ್ಮನ ಆಧಾರ್ ಪ್ರತಿಯನ್ನೂ ಫೋಟೋವನ್ನೂ ಕೊಡಬೇಡಿ. ಉಳಿದದ್ದನ್ನೆಲ್ಲ ಸಾವಧಾನವಾಗಿ ಸರಿಮಾಡಬಹುದು. ಈ ಒಂದು ತಪ್ಪಾದರೆ ಮಾತ್ರ, ಇವತ್ತು ಯಾವ ಕೇಸೂ ಇಲ್ಲದ ಮನುಷ್ಯನ ಮೇಲೆ ನಿಜವಾಗಿಯೂ ಕೇಸಾಗುತ್ತದೆ.

ನೀವು ಕೇಳಿರುವ ಪ್ರಶ್ನೆಗಳೆಲ್ಲದರ ಹಿಂದೆ ಇರುವ ಭಯ ಒಂದೇ. ಅಲ್ಲಿ ಕಾಗದವಿಲ್ಲದೆ ಇದ್ದದ್ದಕ್ಕೆ ಇಲ್ಲೂ ಅವನು ಅಪರಾಧಿಯೇ? ಅಲ್ಲ. ವೀಸಾ ಅಥವಾ ಇಕಾಮಾ ಮುಗಿದ ಮೇಲೂ ಬೇರೆ ದೇಶದಲ್ಲಿ ಉಳಿದದ್ದು ಆ ದೇಶದ ನಿಯಮದ ಉಲ್ಲಂಘನೆ. ಭಾರತದ ಕಾನೂನಿನಲ್ಲಿ ಅದು ಅಪರಾಧವಲ್ಲ. ಹುರೂಬ್ ಎಂದರೆ ನೌಕರ ಕೆಲಸ ಬಿಟ್ಟು ಹೋಗಿದ್ದಾನೆಂದು ಮಾಲೀಕ ಅಲ್ಲಿನ ಸರ್ಕಾರಕ್ಕೆ ಕೊಡುವ ವರದಿ. ಅದಕ್ಕಾಗಿ ಮದ್ದೂರು ಪೊಲೀಸರು ಮನೆ ಬಾಗಿಲಿಗೆ ಬರುವುದಿಲ್ಲ. ಔಟ್‌ಪಾಸ್‌ನಲ್ಲಿ ಇಳಿದವರನ್ನು ವಿಮಾನ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕೂರಿಸಿ ವಿಚಾರಿಸುತ್ತಾರೆ. ಯಾರು, ಎಲ್ಲಿಯವರು, ಪಾಸ್‌ಪೋರ್ಟ್ ಏನಾಯಿತು ಎಂದು ಖಾತರಿ ಮಾಡಿಕೊಳ್ಳಲು ಅಷ್ಟೇ. ನಿಮ್ಮ ತಮ್ಮ ಅದನ್ನು ದಾಟಿ ಮನೆ ಸೇರಿಯಾಗಿದೆ.

ಒಂದು ಮಾತನ್ನು ಕೊಲ್ಲಿಯಿಂದ ಮರಳಿದ ಬೇರೆಯವರಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಬಿಟ್ಟು ಬಂದವರ ಸಂಗತಿ ಬೇರೆ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಿಂದಾಗಿ, ಯುಎಇಯ ಸಿವಿಲ್ ನ್ಯಾಯಾಲಯದ ತೀರ್ಪನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿಗೆ ತರಬಹುದು. ದುಬೈ ಬ್ಯಾಂಕಿನ ಸಾಲ ಮಂಡ್ಯದವರೆಗೆ ಬರುವುದಿಲ್ಲ ಎಂದು ನೆಮ್ಮದಿಯಾಗಿ ಕೂರುವ ಕಾಲ ಹೋಯಿತು. ನಿಮ್ಮ ತಮ್ಮನಿಗೆ ಅಂಥ ಸಾಲ ಇದ್ದಂತಿಲ್ಲ.

ಹಾಗಾದರೆ ಕಾಗದವಿಲ್ಲದೆ ಕಳೆದ ಆ ವರ್ಷಗಳಿಂದ ಇಲ್ಲಿ ಏನೂ ನಷ್ಟವಿಲ್ಲವೇ? ಖಂಡಿತ ಇದೆ, ಆದರೆ ಅದು ಊರವರು ಹೇಳುವ ಜಾಗದಲ್ಲಿಲ್ಲ. ನಿಮ್ಮ ಊರಿನಿಂದಲೇ ಅದೇ ವರ್ಷ ಹೋಗಿ, ಇಕಾಮಾ ಉಳಿಸಿಕೊಂಡು ಮರಳಿದ ಇನ್ನೊಬ್ಬನನ್ನು ನಿಮ್ಮ ತಮ್ಮನ ಪಕ್ಕ ನಿಲ್ಲಿಸಿ ನೋಡಿ. ಅವನು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಿರುತ್ತಾನೆ. ಮದುವೆ, ತಿಥಿಗೆ ಮುಖ ತೋರಿಸಿರುತ್ತಾನೆ, ಗದ್ದೆಯ ಬದು ನೋಡಿರುತ್ತಾನೆ, ಮಗಳಿಗೆ ಅಪ್ಪನ ಮುಖ ಗೊತ್ತಿರುತ್ತದೆ. ದುಡ್ಡನ್ನು ಎಕ್ಸ್‌ಚೇಂಜ್‌ನಿಂದ ತನ್ನ ಹೆಸರಲ್ಲೇ ಖಾತೆಗೆ ಕಳಿಸಿರುತ್ತಾನೆ, ಆದ್ದರಿಂದ ಹತ್ತು ವರ್ಷದ ಸಂಪಾದನೆಗೆ ಬ್ಯಾಂಕಿನಲ್ಲಿ ದಾಖಲೆ ಇರುತ್ತದೆ. ಯಾವ ತಿಂಗಳು ಮರಳಬೇಕು, ಬಂದ ಮೇಲೆ ಏನು ಮಾಡಬೇಕು ಎಂದು ಮೊದಲೇ ಯೋಚಿಸಿರುತ್ತಾನೆ. ಕೈಯಲ್ಲಿ ಕೆಲಸದ ಸರ್ಟಿಫಿಕೇಟ್ ಇರುತ್ತದೆ, ಸೇವೆ ಮುಗಿದ ಲೆಕ್ಕದ ಹಣವಿರುತ್ತದೆ.

ನಿಮ್ಮ ತಮ್ಮ ಅವನಿಗಿಂತ ಕಡಿಮೆ ದುಡಿದಿರಲಿಕ್ಕಿಲ್ಲ, ಹೆಚ್ಚೇ ದುಡಿದಿರಬಹುದು. ಆದರೆ ಇಕಾಮಾ ಇಲ್ಲದವನಿಗೆ ತನ್ನ ಹೆಸರಲ್ಲಿ ಹಣ ಕಳಿಸಲಾಗುವುದಿಲ್ಲ. ಯಾರದೋ ಹೆಸರಲ್ಲಿ, ಇಲ್ಲವೇ ಹುಂಡಿಯಲ್ಲಿ (ಹವಾಲಾ) ಕಳಿಸುತ್ತಾನೆ, ಆ ಹಣಕ್ಕೆ ಅವನ ಗುರುತು ಇರುವುದಿಲ್ಲ. ರಜೆಗೆ ಬಂದರೆ ಮತ್ತೆ ಹೋಗಲಾಗದು, ಹಾಗಾಗಿ ಅಪ್ಪ ಸತ್ತರೂ ಬರುವುದಿಲ್ಲ. ಆಸ್ಪತ್ರೆ, ವಿಮೆ ಎಲ್ಲವೂ ಇಕಾಮಾಕ್ಕೆ ಅಂಟಿಕೊಂಡಿವೆ, ಹಾಗಾಗಿ ಬಿ.ಪಿ., ಶುಗರ್ ವರ್ಷಗಟ್ಟಲೆ ತೋರಿಸಿರುವುದಿಲ್ಲ. ಮರಳುವ ದಿನವನ್ನು ಅವನು ಆರಿಸಲಿಲ್ಲ, ಪೊಲೀಸರು ಆರಿಸಿದರು. ಸಾಮಾನು, ಟೂಲ್ಸ್, ಕೊನೆಯ ತಿಂಗಳ ಸಂಬಳ ಎಲ್ಲ ರೂಮಿನಲ್ಲೇ ಉಳಿದಿರುತ್ತವೆ. ಸಿದ್ಧತೆಯಿಂದ ಮರಳಿದವನಿಗೂ ಎತ್ತಿ ತಂದು ಬಿಟ್ಟವನಿಗೂ ಇರುವ ಅಂತರ ಇಷ್ಟು. ಈ ಒಂದೊಂದು ಕೊರತೆಯನ್ನೂ ಇಲ್ಲಿ ಬೇರೆ ಬೇರೆಯಾಗಿ ತುಂಬಬೇಕಾಗುತ್ತದೆ, ಮತ್ತು ತುಂಬಲು ಆಗುತ್ತದೆ.

ಪಾಸ್‌ಪೋರ್ಟಿನಿಂದ ಶುರುಮಾಡೋಣ, ಯಾಕೆಂದರೆ ಏಜೆಂಟ್ ಹಿಡಿದಿರುವುದು ಆ ಎಳೆಯನ್ನೇ. ಔಟ್‌ಪಾಸ್ ಎಂದು ಜನ ಕರೆಯುವುದು ರಾಯಭಾರ ಕಚೇರಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟನ್ನು. ಊರಿಗೆ ಮರಳುವ ಒಂದು ಪ್ರಯಾಣಕ್ಕೆ ಮಾತ್ರ ಅದು ನಡೆಯುತ್ತದೆ. ಅದರಲ್ಲಿ ಬಂದವರಿಗೆ ಜೀವನಪೂರ್ತಿ ಪಾಸ್‌ಪೋರ್ಟ್ ಇಲ್ಲ ಎಂಬ ನಿಯಮ ಎಲ್ಲೂ ಇಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಂನಲ್ಲಿ ಪಾಸ್‌ಪೋರ್ಟ್ ನಿರಾಕರಿಸಲು ಇರುವ ಕಾರಣಗಳ ಪಟ್ಟಿಯಿದೆ. ಇಲ್ಲಿನ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇರುವುದು, ವಾರಂಟ್ ಇರುವುದು, ಹೀಗೆ. ನಿಮಗೆ ಸಂಬಂಧಪಡಬಹುದಾದದ್ದು ಅದರಲ್ಲಿ ಒಂದೇ: ಸರ್ಕಾರದ ಖರ್ಚಿನಲ್ಲಿ ವಾಪಸ್ ಕರೆಸಿಕೊಂಡವರು ಆ ಖರ್ಚನ್ನು ಮರಳಿಸದೆ ಇದ್ದರೆ ನಿರಾಕರಿಸಬಹುದು. ಆದ್ದರಿಂದ ಟಿಕೆಟ್ ಯಾರು ಕೊಟ್ಟರು ಎಂದು ತಮ್ಮನನ್ನು ಕೇಳಿ. ತರಹೀಲಿನಿಂದ ಬರುವವರಿಗೆ ಎಷ್ಟೋ ಸಲ ಸೌದಿ ಸರ್ಕಾರವೇ ಟಿಕೆಟ್ ಕೊಡುತ್ತದೆ. ನಮ್ಮ ರಾಯಭಾರ ಕಚೇರಿ ಕೊಟ್ಟಿದ್ದರೆ, ಹಣ ಮರಳಿಸುತ್ತೇನೆ ಎಂಬ ಮುಚ್ಚಳಿಕೆಗೆ ಸಹಿ ಹಾಕಿದ್ದಾನೆಯೇ ಎಂದು ವಿಚಾರಿಸಿ. ಹಾಕಿದ್ದರೆ ಮೊತ್ತ ಕಟ್ಟಿ ರಸೀದಿ ಇಟ್ಟುಕೊಂಡರಾಯಿತು.

ಅರ್ಜಿ ಹಾಕುವಾಗ ಎಡವುವ ಜಾಗ ಎರಡು. ಮೊದಲನೆಯದು, ಪೋರ್ಟಲ್ಲಿನಲ್ಲಿ ‘ಫ್ರೆಶ್’ ಆರಿಸುವುದು. ಹಿಂದೆ ಪಾಸ್‌ಪೋರ್ಟ್ ಇದ್ದವನು ‘ರೀ-ಇಶ್ಯೂ’ ಆರಿಸಬೇಕು. ಸೈಬರ್ ಸೆಂಟರಿನವರು ಹಳೆಯ ಪುಸ್ತಕ ಇಲ್ಲವಲ್ಲ ಎಂದು ಫ್ರೆಶ್ ಒತ್ತಿಬಿಡುತ್ತಾರೆ. ಆಗ ಅದು ಹಳೆಯ ಪಾಸ್‌ಪೋರ್ಟನ್ನು ಮುಚ್ಚಿಟ್ಟಂತಾಗುತ್ತದೆ. ಎರಡನೆಯದು, ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಮರಳಿದ್ದೀರಾ, ಗಡೀಪಾರಾಗಿದ್ದೀರಾ ಎಂದು ಫಾರ್ಮಿನಲ್ಲೇ ನೇರವಾಗಿ ಕೇಳುವ ಪ್ರಶ್ನೆ. ಅಲ್ಲಿ ‘ಹೌದು’ ಎಂದೇ ಬರೆಯಿರಿ. ಸರ್ಟಿಫಿಕೇಟಿನ ನಂಬರು, ಕೊಟ್ಟ ದಿನಾಂಕ, ಕೊಟ್ಟ ಕಚೇರಿ, ಯಾವ ದೇಶದಿಂದ, ಯಾವ ಕಾರಣಕ್ಕೆ ಎಂಬುದನ್ನೂ ತುಂಬಬೇಕು. ಮೂಲ ಕಾಗದವನ್ನು ಸಾಮಾನ್ಯವಾಗಿ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ. ತಮ್ಮನ ಫೋನಿನಲ್ಲೋ ಜೊತೆಗೆ ಬಂದವರ ಫೋನಿನಲ್ಲೋ ಅದರ ಫೋಟೋ ಇದೆಯೇ ಹುಡುಕಿಸಿ. ಇಲ್ಲದಿದ್ದರೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ಲಿನಲ್ಲಿ ದೂರು ನೋಂದಾಯಿಸಿ, ಔಟ್‌ಪಾಸ್ ಕೊಟ್ಟ ಕಚೇರಿಯಿಂದ ವಿವರ ಕೇಳಬಹುದು. ಹಳೆಯ ಪಾಸ್‌ಪೋರ್ಟಿನ ನಂಬರು ಮರೆತಿದ್ದರೆ ಅಂದು ಹಣ ಕಳಿಸಿದ ರಸೀದಿ, ವೀಸಾದ ಜೆರಾಕ್ಸ್, ಹಳೆಯ ವಿಮೆ ಕಾಗದ, ಯಾವುದರಲ್ಲಾದರೂ ಸಿಕ್ಕೇ ಸಿಗುತ್ತದೆ. ಟ್ರಂಕಿನ ತಳ ನೋಡಿ.

ಪಾಸ್‌ಪೋರ್ಟ್ ‘ಕಳೆದುಹೋಯಿತು’ ಎಂದು ಪೊಲೀಸ್ ಠಾಣೆಯಲ್ಲಿ ಬರೆದುಕೊಡುವವರು ಬಹಳ ಜನ. ನಿಮ್ಮದು ಕಳೆದದ್ದಲ್ಲ. ‘ಮಾಲೀಕರ ವಶದಲ್ಲಿತ್ತು, ಮರಳಿಸಲಿಲ್ಲ’ ಎಂದೇ ಬರೆಯಿಸಿ. ಬೇರೆ ದೇಶದಲ್ಲಿ ಆದದ್ದು, ನಾವು ತೆಗೆದುಕೊಳ್ಳುವುದಿಲ್ಲ ಎಂದು ಠಾಣೆಯಲ್ಲಿ ಅಂದರೆ ಅರ್ಜಿಯ ಒಂದು ಪ್ರತಿಯನ್ನು ಜಿಲ್ಲಾ ಎಸ್.ಪಿ. ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಜೊತೆಗೆ ಪಾಸ್‌ಪೋರ್ಟ್ ಕಚೇರಿ ಕೇಳುವ ನಮೂನೆ ‘ಎಫ್’ ಪ್ರಮಾಣಪತ್ರದಲ್ಲೂ ಅದೇ ಸಂಗತಿ ಇರಬೇಕು. ಎರಡು ಕಡೆ ಎರಡು ಕಥೆಯಾದರೆ ಕಡತ ನಿಂತುಬಿಡುತ್ತದೆ. ಗಡೀಪಾರಾದವರಿಗೆ ತತ್ಕಾಲ್ ಇಲ್ಲ. ಸಾಮಾನ್ಯ ಅರ್ಜಿಯನ್ನೇ ಹಾಕಿ. ಬೆಂಗಳೂರಿನ ಪ್ರಾದೇಶಿಕ ಕಚೇರಿಯಿಂದ ಹೆಚ್ಚಿನ ವಿವರಣೆ ಕೇಳಿ ಪತ್ರ ಬಂದರೆ ಹೆದರಬೇಡಿ, ಇಂಥ ಕಡತಗಳಲ್ಲಿ ಅದು ಮಾಮೂಲು. ಅಪಾಯಿಂಟ್‌ಮೆಂಟಿಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ದೇಶದಲ್ಲೇ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲೇ ಶುರುವಾಯಿತು. 36 ಪುಟದ ಪುಸ್ತಕಕ್ಕೆ ಸರ್ಕಾರದ ಶುಲ್ಕ ಸಂದರ್ಭಕ್ಕೆ ತಕ್ಕಂತೆ 1,500 ಅಥವಾ 3,000 ರೂಪಾಯಿ. ಏಜೆಂಟ್ ಕೇಳುತ್ತಿರುವ ಹಣದ ಪಕ್ಕ ಇದನ್ನಿಟ್ಟು ನೋಡಿ.

ಈಗ ಆ ಏಜೆಂಟಿನ ಮಾತು. ಹೆಸರು, ಹುಟ್ಟಿದ ತಾರೀಖು ತಿದ್ದಿ, ಹಳೆಯದನ್ನು ಮುಚ್ಚಿಟ್ಟು ಪಾಸ್‌ಪೋರ್ಟ್ ಪಡೆಯುವುದು ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಂನಡಿ ಅಪರಾಧ. ಎರಡು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವನು ಅರ್ಜಿಗೆ ಸಹಿ ಹಾಕಿದ ನಿಮ್ಮ ತಮ್ಮ. ಏಜೆಂಟಿನ ಹೆಸರು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಇನ್ನೊಂದು ಸಂಗತಿ ನನಗೆ ಹೆಚ್ಚು ಸಂಕಟ ತರುವಂಥದ್ದು: ಈ ಸುಳ್ಳು ನಿಮಗೆ ಬೇಕಾಗಿಯೇ ಇಲ್ಲ. ಸೌದಿಯವರು ತೆಗೆದುಕೊಂಡ ಬೆರಳಚ್ಚು ಸೌದಿಯ ದಾಖಲೆ. ಅಲ್ಲಿ ಹೆಸರು ಬದಲಿಸಿ ಹೋದರೂ ಬೆರಳು ಇಟ್ಟ ಕೂಡಲೇ ಹಳೆಯ ಹೆಸರು ಬರುತ್ತದೆ. ದುಬೈಗಾದರೆ ಅವನು ಯಾವತ್ತೂ ಹೋದವನಲ್ಲ, ಅಲ್ಲಿ ಅವನ ಮೇಲೆ ಉಲ್ಲಂಘನೆಯೂ ಇಲ್ಲ. ಒಂದು ದೇಶದಿಂದ ಗಡೀಪಾರಾದವನಿಗೆ ವೀಸಾ ಕೊಡಬೇಕೋ ಬೇಡವೋ ಎಂದು ಇನ್ನೊಂದು ದೇಶ ತಾನೇ ತೀರ್ಮಾನಿಸುತ್ತದೆ. ನಿಜವಾದ ಹೆಸರಿನಲ್ಲೇ ಅರ್ಜಿ ಹಾಕಿ ವೀಸಾ ಬಂದರೆ ಬಂತು, ಬಾರದಿದ್ದರೆ ಹೋಯಿತು.

ಸೌದಿಯ ಬಗ್ಗೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ತರಹೀಲಿನಿಂದ ಗಡೀಪಾರಾದವನಿಗೆ ಕೆಲಸದ ವೀಸಾ ಮಟ್ಟಿಗೆ ಆ ಬಾಗಿಲು ಮುಚ್ಚಿದೆ ಎಂದೇ ಲೆಕ್ಕ ಹಾಕಿಕೊಂಡು ಮುಂದಿನ ಯೋಚನೆ ಮಾಡಿ. ಹೇಗೆ ಹೊರಬಂದ ಎಂಬುದರಲ್ಲೇ ಬಹಳಷ್ಟು ತೀರ್ಮಾನವಾಗಿಬಿಡುತ್ತದೆ. 2017ರಲ್ಲಿ ಸೌದಿ 90 ದಿನದ ಕ್ಷಮಾದಾನ ಕೊಟ್ಟಾಗ ತಾವಾಗಿ ಹೊರಟವರಿಗೆ ದಂಡವೂ ಇರಲಿಲ್ಲ, ಗಡೀಪಾರಿನ ಬೆರಳಚ್ಚಿನ ನಿಷೇಧವೂ ಇರಲಿಲ್ಲ. 2024ರಲ್ಲಿ ಕುವೈತ್ ಮಾರ್ಚ್‌ನಿಂದ ಜೂನ್‌ವರೆಗೆ, ಯುಎಇ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇಂಥದ್ದೇ ಅವಕಾಶ ಕೊಟ್ಟವು. ಕ್ಷಮಾದಾನ ಇಲ್ಲದ ಸಮಯದಲ್ಲೂ ರಿಯಾದಿನ ರಾಯಭಾರ ಕಚೇರಿ, ಜೆದ್ದಾದ ಕಾನ್ಸುಲೇಟ್ ಎರಡರಲ್ಲೂ ಹುರೂಬ್ ಆದವರ, ಇಕಾಮಾ ಮುಗಿದವರ ಹೆಸರು ಬರೆದುಕೊಂಡು ಫೈನಲ್ ಎಕ್ಸಿಟ್ (ದೇಶ ಬಿಟ್ಟು ಹೊರಡುವ ಅನುಮತಿ) ಕೊಡಿಸುವ ವ್ಯವಸ್ಥೆಯಿದೆ. ನಿಮ್ಮ ತಮ್ಮನ ಜೊತೆಯವರು ಇನ್ನೂ ಅಲ್ಲಿದ್ದರೆ ಸಿಕ್ಕಿಬೀಳುವವರೆಗೆ ಕಾಯದೆ ಹೆಸರು ಬರೆಸಲು ಅವನೇ ಫೋನ್ ಮಾಡಿ ಹೇಳಲಿ. ಅವನ ಮಾತು ಅವರಿಗೆ ನಾಟುವಷ್ಟು ನನ್ನ ಮಾತು ನಾಟದು.

ಮತ್ತೆ ಹೊರಗೆ ಹೋಗುವುದೇ ಆದರೆ ದಾರಿ ಹೀಗೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗದ್ದು. ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅಂಥವರಿಗೆ ವಲಸೆ ಅನುಮತಿ ಬೇಕು. ಇ-ಮೈಗ್ರೇಟ್ ಪೋರ್ಟಲ್ಲಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ, ಯಾರು ಬೇಕಾದರೂ ನೋಡಬಹುದು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿದರೆ 35,400. ಅದಕ್ಕಿಂತ ಹೆಚ್ಚು ಕೇಳಿದವರು ಯಾರೇ ಆಗಲಿ, ಅಲ್ಲೇ ಎದ್ದು ಬನ್ನಿ. ‘ಸದ್ಯ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಚೇಂಜ್ ಮಾಡಿಸೋಣ’ ಎಂದರೆ ವಲಸೆ ಅನುಮತಿಯೂ ಇಲ್ಲ, ಕರಾರೂ ಇಲ್ಲ, ಅಪಘಾತವಾದರೆ ವಿಮೆಯೂ ಇಲ್ಲ. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂಗೆ 10 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ವಿಸಿಟ್ ವೀಸಾದವನಿಗೆ ಅದಿಲ್ಲ. ನಿಮ್ಮ ತಮ್ಮನ ಸಾಲ ತೀರುವ ಮುಂಚೆ, ಆರೋಗ್ಯ ನೋಡುವ ಮುಂಚೆ ಈ ದಾರಿ ಹಿಡಿಯುವುದನ್ನು ನಾನು ಸಲಹೆ ಮಾಡಲಾರೆ. ಸಾಲದ ಒತ್ತಡದಲ್ಲಿ ಹೋದವನು ಸಂಬಳ ನಿಂತ ಕೂಡಲೇ ಮತ್ತೆ ಹೊರಗಿನ ಕೆಲಸಕ್ಕೆ ಹಾರುತ್ತಾನೆ, ಮತ್ತೆ ಹುರೂಬ್ ಬೀಳುತ್ತದೆ.

ಬಾಕಿ ಸಂಬಳದ ವಿಷಯದಲ್ಲಿ ನಿಮಗೆ ಬೇಸರವಾಗುವ ಉತ್ತರವನ್ನೇ ಕೊಡಬೇಕಾಗಿದೆ. ಸೌದಿಯ ಕಾರ್ಮಿಕ ಕಾನೂನು ಮನೆಗೆಲಸದವರನ್ನೂ ಮನೆಯ ಡ್ರೈವರುಗಳನ್ನೂ ಒಳಗೊಳ್ಳುವುದಿಲ್ಲ. ಅವರಿಗೆ ಬೇರೆಯೇ ನಿಯಮಾವಳಿ. ಅದರ ಪ್ರಕಾರ ಸತತ ನಾಲ್ಕು ವರ್ಷ ದುಡಿದರೆ ಒಂದು ತಿಂಗಳ ಸಂಬಳದಷ್ಟು ಸೇವಾಂತ್ಯದ ಹಣ. ನಿಮ್ಮ ತಮ್ಮನದು ಮೂರೇ ವರ್ಷ. ಏಳು ತಿಂಗಳ ಸಂಬಳ ನ್ಯಾಯವಾಗಿ ಬರಬೇಕಾದದ್ದೇ. ಹುರೂಬ್ ಹಾಕಿದ ಮಾತ್ರಕ್ಕೆ ದುಡಿದ ಸಂಬಳ ಮುಳುಗಿಹೋಗುವುದಿಲ್ಲ. ಆದರೆ ಅದನ್ನು ಕೇಳಬೇಕಿದ್ದದ್ದು 2018ರಲ್ಲಿ, ಮನೆ ಬಿಡುವ ಮುಂಚೆ ಅಥವಾ ಬಿಟ್ಟ ತಕ್ಷಣ. ಈಗ ಅದಕ್ಕೆ ಹಣ ಖರ್ಚು ಮಾಡಬೇಡಿ. ಗ್ಯಾರೇಜಿನ ಕೊನೆಯ ಒಂದೆರಡು ತಿಂಗಳ ಸಂಬಳ ಬಾಕಿಯಿದ್ದರೆ ಕಾನೂನಿಗಿಂತ ಮೊದಲು ಫೋನು. ಜೊತೆಗೆ ಕೆಲಸ ಮಾಡಿದವರ ಮೂಲಕ ಮಾಲೀಕನನ್ನು ಕೇಳಿಸಿ. ಕೊಡದಿದ್ದರೆ ಮದದ್‌ನಲ್ಲಿ ದೂರು ಹಾಕಿ, ಖರ್ಚೇನೂ ಇಲ್ಲ. ಆದರೆ ಕರಾರಿಲ್ಲದ ಕೆಲಸಕ್ಕೆ ಸಾಕ್ಷಿ ಕೊಡುವುದು ಕಷ್ಟ ಎಂಬುದನ್ನು ತಿಳಿದೇ ಹಾಕಿ. ಕಂಪನಿ ಕರಾರಿನಲ್ಲಿ ದುಡಿದು ಬಂದ ಬೇರೆ ಓದುಗರು ಅವಧಿಯನ್ನು ನೆನಪಿಟ್ಟುಕೊಳ್ಳಿ: ಕೆಲಸ ಮುಗಿದ ದಿನದಿಂದ ಸೌದಿಯಲ್ಲಿ ಹನ್ನೆರಡು ತಿಂಗಳು, ಕುವೈತಿನಲ್ಲಿ ಒಂದು ವರ್ಷ, ಯುಎಇಯಲ್ಲಿ ಈಗ ಎರಡು ವರ್ಷ. ಅಷ್ಟರೊಳಗೆ ಅಲ್ಲಿರುವ ನಂಬಿಕಸ್ಥರಿಗೆ ಅಧಿಕಾರ ಪತ್ರ ಕಳಿಸಿ ದಾವೆ ಹೂಡಬೇಕು.

ಸಾಲದ ಲೆಕ್ಕವನ್ನು ಕೂತು ಬರೆದು ನೋಡಿದ್ದೀರಾ? 1,20,000ಕ್ಕೆ ನೂರಕ್ಕೆ ಮೂರರಂತೆ ತಿಂಗಳಿಗೆ 3,600. ವರ್ಷಕ್ಕೆ 43,200. ಹತ್ತು ವರ್ಷ ತಪ್ಪದೆ ಕಟ್ಟಿದ್ದರೆ 4,32,000 ರೂಪಾಯಿ. ಅಂದರೆ ತಂದ ಹಣದ ಮೂರೂವರೆ ಪಟ್ಟಿಗಿಂತ ಹೆಚ್ಚು ಕೊಟ್ಟಿದ್ದೀರಿ, ಅಸಲು ಇನ್ನೂ ಹಾಗೇ ಕೂತಿದೆ. ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿದಾರರಿಗೇ ವರ್ಷಕ್ಕೆ ಅಡಮಾನದ ಸಾಲಕ್ಕೆ ಶೇ. 14, ಅಡಮಾನವಿಲ್ಲದ್ದಕ್ಕೆ ಶೇ. 16ರ ಮಿತಿಯಿದೆ. ನಿಮ್ಮದು ಶೇ. 36. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸಿ 2004ರಿಂದಲೇ ಕಾಯ್ದೆಯಿದೆ. ಬಲವಂತದ ವಸೂಲಿಗೆ ಕಡಿವಾಣ ಹಾಕಲು 2025ರ ಫೆಬ್ರವರಿಯಲ್ಲಿ ಸರ್ಕಾರ ಕಿರುಸಾಲದ ಸುಗ್ರೀವಾಜ್ಞೆ ತಂದು ಆಮೇಲೆ ಅದನ್ನು ಕಾಯ್ದೆ ಮಾಡಿತು. ಆದ್ದರಿಂದ ಈಗ ಮಾಡಬೇಕಾದದ್ದು: ಹೊಸ ಪತ್ರಕ್ಕೆ, ಖಾಲಿ ಚೆಕ್ಕಿಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ. ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸದಾಗಿ ಬರೆದುಕೊಡಿ ಎಂದರೆ ಒಪ್ಪಬೇಡಿ. ಕೊಟ್ಟ ಬಡ್ಡಿಯ ದಿನಾಂಕಗಳನ್ನು ನೆನಪಿರುವಷ್ಟು ಒಂದು ಪುಸ್ತಕದಲ್ಲಿ ಬರೆಯಿರಿ. ಅದನ್ನು ಹಿಡಿದುಕೊಂಡು ಮದ್ದೂರು ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅರ್ಜಿ ನಿಮ್ಮ ಹೆಸರಲ್ಲೋ ನಾದಿನಿಯ ಹೆಸರಲ್ಲೋ ಇರಲಿ, ಏಕೆಂದರೆ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಸಾಲ ಕೊಟ್ಟವರನ್ನು ಕರೆಸಿ ಕೂರಿಸಿ ರಾಜಿ ಮಾಡಿಸುವುದು ಅಲ್ಲಿ ನಿತ್ಯ ನಡೆಯುವ ಕೆಲಸ. ಸಾಲ ಕೊಟ್ಟವರು ಊರಿನವರೇ ಆಗಿರುವಾಗ ಪೊಲೀಸ್ ಠಾಣೆಗಿಂತ ಇದು ಒಳ್ಳೆಯದು.

ಇಲ್ಲಿನ ಕಾಗದ ಪತ್ರಗಳಲ್ಲಿ ಮೊದಲು ಸರಿಮಾಡಬೇಕಾದದ್ದು ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು. ಹತ್ತು ವರ್ಷದ ಹಿಂದಿನ ನಂಬರು ಇಷ್ಟರಲ್ಲಿ ಬೇರೆ ಯಾರದೋ ಆಗಿರುತ್ತದೆ. ಓಟಿಪಿ ಬಾರದೆ ಪ್ಯಾನ್, ಬ್ಯಾಂಕ್, ರೇಷನ್ ಕಾರ್ಡ್ ಎಲ್ಲವೂ ಒಂದೊಂದಾಗಿ ನಿಲ್ಲುತ್ತವೆ. ಆಧಾರ್ ಕೇಂದ್ರಕ್ಕೆ ಅವನೇ ಹೋಗಿ ಬೆರಳು ಕೊಟ್ಟು ಹೊಸ ನಂಬರು ಹಾಕಿಸಬೇಕು. ಅದಾದ ಮೇಲೆ ಪ್ಯಾನ್ ನೋಡಿ. 2023ರ ಜೂನ್ 30ರ ಒಳಗೆ ಆಧಾರ್ ಜೋಡಿಸದ ಪ್ಯಾನ್ ನಿಷ್ಕ್ರಿಯವಾಗಿರುತ್ತದೆ, 1,000 ರೂಪಾಯಿ ಕಟ್ಟಿ ಜೋಡಿಸಬೇಕು. ಎನ್‌ಆರ್‌ಇ ಖಾತೆ (ಹೊರದೇಶದಲ್ಲಿರುವ ಭಾರತೀಯರ ಬ್ಯಾಂಕ್ ಖಾತೆ) ಇದ್ದರೆ ಮರಳಿದ್ದನ್ನು ಬ್ಯಾಂಕಿಗೆ ತಿಳಿಸಿ ಸಾಮಾನ್ಯ ಖಾತೆಯಾಗಿ ಬದಲಿಸಿಕೊಳ್ಳಬೇಕು. ರೇಷನ್ ಕಾರ್ಡಿನಿಂದ ಅವನ ಹೆಸರು ಹೋಗಿದ್ದರೆ ಗ್ರಾಮ ಒನ್‌ನಲ್ಲಿ ವಿಚಾರಿಸಿ ಸೇರಿಸಿ, ಮತದಾರರ ಪಟ್ಟಿಗೆ ನಮೂನೆ 6. ತಂದೆಯವರು ತೀರಿಕೊಂಡ ಮೇಲೆ ಪಹಣಿ ಏನಾಗಿದೆ ಎಂದೂ ನೋಡಿ. ಊರಲ್ಲಿಲ್ಲದವನ ಹೆಸರು ಬಿಟ್ಟು ಪೌತಿ ಖಾತೆ ಮಾಡಿಸಿರುವುದು ನಮ್ಮ ಕಡೆ ಅಪರೂಪವಲ್ಲ. ಊರಲ್ಲಿರಲಿಲ್ಲ ಎಂಬ ಕಾರಣಕ್ಕೆ ಅವನ ಪಾಲೂ ಹೋಗುವುದಿಲ್ಲ, ನಿಮ್ಮ ಪಾಲೂ ಹೋಗುವುದಿಲ್ಲ. ಆದರೆ ಈ ಮಾತು ಎತ್ತುವುದಾದರೆ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಎತ್ತಿ, ಸಾಲದ ಜಗಳದ ನಡುವೆ ಬೇಡ.

ಕೆಲಸಕ್ಕೆ ಬರೋಣ. ಅವನ ಕೈಯಲ್ಲಿ ಎರಡು ವಿದ್ಯೆಯಿದೆ, ಎರಡಕ್ಕೂ ಕಾಗದವಿಲ್ಲ. ಡ್ರೈವಿಂಗ್ ಲೈಸೆನ್ಸ್ ಅವಧಿಯನ್ನು ಸಾರಥಿ ಪೋರ್ಟಲ್ಲಿನಲ್ಲಿ ನೋಡಿ. ಮುಗಿದು ಒಂದು ವರ್ಷದೊಳಗಿದ್ದರೆ ನವೀಕರಣ ಸುಲಭ, ಒಂದು ವರ್ಷ ದಾಟಿದ್ದರೆ ಆರ್‌ಟಿಒದಲ್ಲಿ ಮತ್ತೆ ಟೆಸ್ಟ್ ಕೊಡಬೇಕು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಬಾಡಿಗೆ ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಟ್ಯಾಕ್ಸಿ, ಸಣ್ಣ ಗೂಡ್ಸ್ ಗಾಡಿಗೆ ಬೇರೆ ಅನುಮತಿ ಇಲ್ಲವೆಂದು ಕೈಚೆಲ್ಲಬೇಕಿಲ್ಲ. ಬಲಗಡೆ ಓಡಿಸಿ ರೂಢಿಯಾದವನು, ಮೊದಲ ಒಂದು ತಿಂಗಳು ಜನ ಕೂರಿಸಿಕೊಂಡು ಓಡಿಸುವುದು ಬೇಡ.

ನನಗೆ ಹೆಚ್ಚು ಭರವಸೆಯಿರುವುದು ಕಾರ್ ಎ.ಸಿ. ಕೆಲಸದ ಮೇಲೆ. ಸೌದಿಯ ಸುಡುಬಿಸಿಲಿನಲ್ಲಿ ಎ.ಸಿ. ಕೆಲಸ ಮಾಡಿದವನ ಕೈ ಪಳಗಿರುತ್ತದೆ. ಸರ್ಟಿಫಿಕೇಟ್ ಇಲ್ಲದಿದ್ದರೂ ಗ್ಯಾರೇಜಿನವರಿಗೆ ಒಂದು ಗಾಡಿಯಲ್ಲೇ ಅದು ಗೊತ್ತಾಗುತ್ತದೆ. ಗ್ಯಾಸ್ ತುಂಬುವ ಮುಂಚೆ ಲೀಕ್ ಹುಡುಕುತ್ತಾನಾ, ಪಂಪು ಹಾಕಿ ವ್ಯಾಕ್ಯೂಮ್ ಎಳೆದು ಮುಳ್ಳು ನಿಂತಲ್ಲೇ ನಿಲ್ಲುತ್ತದಾ ಎಂದು ಕಾದು ನೋಡುತ್ತಾನಾ, ಆರ್-134ಎ ಗ್ಯಾಸನ್ನು ಗಾಡಿಗೆ ಹೇಳಿದಷ್ಟೇ ತೂಕ ಹಾಕಿ ತುಂಬುತ್ತಾನಾ ಅಥವಾ ಅಂದಾಜಿಗೆ ಬಿಡುತ್ತಾನಾ, ನೋಡುವುದು ಇಷ್ಟನ್ನೇ. ಆದ್ದರಿಂದ ಸರ್ಟಿಫಿಕೇಟಿಗಾಗಿ ಕಾಯದೆ ಮೈಸೂರಿನಲ್ಲೋ ಮಂಡ್ಯದಲ್ಲೋ ಒಂದು ಒಳ್ಳೆಯ ಗ್ಯಾರೇಜಿಗೆ ಸಂಬಳಕ್ಕೆ ಸೇರಲಿ. ಆರು ತಿಂಗಳು ಅಲ್ಲಿರಲಿ. ಇಲ್ಲಿನ ಗಾಡಿಗಳ ಮಾಡೆಲ್, ಬಿಡಿಭಾಗದ ಅಂಗಡಿ, ಗಿರಾಕಿಗೆ ಹೇಳುವ ರೇಟು ಎಲ್ಲವೂ ಬೇರೆ. ಆ ಹೊತ್ತಿನಲ್ಲೇ ಅನುಭವದ ಮೇಲೆ ಪರೀಕ್ಷೆ ಮಾಡಿ ಕೊಡುವ ಆರ್‌ಪಿಎಲ್ ಪ್ರಮಾಣಪತ್ರಕ್ಕೆ ಹೆಸರು ಕೊಡಲಿ. ಕಾಗದವಿಲ್ಲದೆ ಕಲಿತ ಕೆಲಸಕ್ಕೆ ಕಾಗದ ಸಿಗುವ ನೇರ ದಾರಿ ಅದು.

ಸ್ವಂತ ಗ್ಯಾರೇಜಿಗೆ ಈಗಲೇ ಸಾಲ ಬೇಡ. ವರ್ಷದ ಮೇಲೆ ಯೋಚಿಸುವುದಾದರೆ ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿ ಇದೆ. ಸೇವಾ ಘಟಕಕ್ಕೆ 20 ಲಕ್ಷದವರೆಗೆ ಯೋಜನೆ ಹಾಕಬಹುದು. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಹಿಂದುಳಿದವರು, ಪರಿಶಿಷ್ಟರು, ಅಲ್ಪಸಂಖ್ಯಾತರು, ಮಹಿಳೆಯರಿಗೆ ಶೇ. 35 ಸಹಾಯಧನ. 5 ಲಕ್ಷ ಮೀರಿದ ಸೇವಾ ಘಟಕಕ್ಕೆ ಎಂಟನೇ ತರಗತಿ ಪಾಸಾಗಿರಬೇಕು, ಅವನು ಪಾಸಾಗಿದ್ದಾನೆ. ಸಹಾಯಧನ ಕೈಗೆ ಬರುವ ಹಣವಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು ಸಾಲಕ್ಕೆ ಜಮೆಯಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ಜಾಗ ಹುಡುಕುವಾಗ ಇನ್ನೊಂದು ಗಮನಿಸಿ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ದೂರದ ಗಾಡಿಗಳು ಮದ್ದೂರು ಪೇಟೆಯೊಳಗೆ ಬರುವುದಿಲ್ಲ. ಹಳೆಯ ಹೆದ್ದಾರಿಯ ಅಂಗಡಿಗೆ ಹಳೆಯ ಬಾಡಿಗೆ ಕೊಡಬೇಡಿ. ಸುತ್ತಲ ಊರಿನ ಗಾಡಿಗಳನ್ನು ನಂಬಿ ಲೆಕ್ಕ ಹಾಕಿ.

ಕೇರಳದಲ್ಲಿ ಎರಡು ವರ್ಷ ಹೊರಗಿದ್ದು ಮರಳಿದವರಿಗೆಂದೇ ಅಲ್ಲಿನ ಸರ್ಕಾರದ ಅನಿವಾಸಿ ಕೇರಳೀಯರ ಸಂಸ್ಥೆ ನೋರ್ಕಾ ಮೂಲಕ ಶೇ. 15, ಗರಿಷ್ಠ 3 ಲಕ್ಷದ ಬಂಡವಾಳ ಸಹಾಯಧನವಿದೆ. ನಮ್ಮ ಜಿಲ್ಲೆಗಳಲ್ಲಿ ಮರಳಿದವರು ಎಲ್ಲರ ಸಾಲಿನಲ್ಲೇ ನಿಲ್ಲಬೇಕು. ಅದು ಸರಿಯಲ್ಲ, ಮಂಡ್ಯ, ಮೈಸೂರಿನಿಂದಲೂ ಕೊಲ್ಲಿಗೆ ಹೋಗಿ ದುಡಿದವರು ಬೇಕಾದಷ್ಟಿದ್ದಾರೆ.

ಕೊನೆಯದಾಗಿ ನೀವು ಒಂದೇ ಸಾಲಿನಲ್ಲಿ ಬರೆದು ಬಿಟ್ಟ ವಿಷಯ, ಅವನು ಮನೆಯಿಂದ ಆಚೆ ಬರುವುದಿಲ್ಲ ಎಂದದ್ದು. ವರ್ಷಗಟ್ಟಲೆ ಬೀದಿಯಲ್ಲಿ ಪೊಲೀಸ್ ಗಾಡಿ ಕಂಡರೆ ಅಡಗಿದವನ ಮೈ ಊರಿಗೆ ಬಂದ ತಕ್ಷಣ ಸಡಿಲವಾಗುವುದಿಲ್ಲ. ಅದರ ಮೇಲೆ ಎದುರಿಗೆ ಸಿಕ್ಕವರೆಲ್ಲ ‘ಎಷ್ಟು ತಂದೆ?’ ಎಂದೇ ಕೇಳುತ್ತಾರೆ. ಮೊದಲು ದೇಹ ನೋಡಿಸಿ: ಬಿ.ಪಿ., ಶುಗರ್, ಜೊತೆಗೆ ಎದೆಯ ಎಕ್ಸ್‌ರೇ. ಕಿಕ್ಕಿರಿದ ತರಹೀಲಿನಲ್ಲಿ ಮೂರು ವಾರ ಇದ್ದವನಿಗೆ ಕೆಮ್ಮಿದ್ದರೆ ಕಫ ಪರೀಕ್ಷೆಯೂ ಆಗಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಚಿಕಿತ್ಸೆ ಉಚಿತ. ನಿದ್ದೆ ಬಾರದಿರುವುದು, ಸಿಡುಕು, ಕುಡಿತ ಕಂಡರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ಬರುವುದಿಲ್ಲ ಎಂದರೆ 14416 ಟೆಲಿ ಮಾನಸ್‌ಗೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅವನ ಬದಲು ನೀವೇ ಮಾಡಿ ಕೇಳಿದರೂ ಸಲಹೆ ಕೊಡುತ್ತಾರೆ.

ಮನೆಯೊಳಗೂ ಒಂದು ಸೂಕ್ಷ್ಮವಿದೆ. ಹತ್ತು ವರ್ಷ ಸಂಸಾರ ನಡೆಸಿದವರು ನಿಮ್ಮ ನಾದಿನಿ. ಸಾಲದವರಿಗೆ ಉತ್ತರ ಹೇಳಿದವರು, ಮಗಳನ್ನು ಶಾಲೆಗೆ ಸೇರಿಸಿದವರು ಅವರೇ. ಈಗ ಗಂಡಸು ಬಂದನೆಂದು ಯಜಮಾನಿಕೆಯನ್ನು ಒಂದೇ ದಿನಕ್ಕೆ ಅವನ ಕೈಗೆ ಹಾಕಿದರೆ ಇಬ್ಬರಿಗೂ ಭಾರ. ಬ್ಯಾಂಕ್ ಪುಸ್ತಕ, ಮನೆ ಲೆಕ್ಕ ಸದ್ಯ ಅವರ ಹತ್ತಿರವೇ ಇರಲಿ. ಆಧಾರ್ ಕೇಂದ್ರಕ್ಕೆ, ಆರ್‌ಟಿಒಗೆ ಅವನು ಹೋಗುವ ದಿನ ಜೊತೆಗೆ ನೀವು ಬೇಡ, ಅವರಿಬ್ಬರೇ ಹೋಗಿ ಬರಲಿ. ಏಜೆಂಟಿಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ ಅದನ್ನೂ ಮುಚ್ಚಿಡದೆ ಕಾನೂನು ಸೇವಾ ಸಮಿತಿಯ ವಕೀಲರಿಗೆ ಹೇಳಿ. ನೋಂದಣಿ ಇಲ್ಲದೆ ವಿದೇಶಕ್ಕೆ ಜನ ಕಳಿಸುವುದು 1983ರ ವಲಸೆ ಕಾಯ್ದೆಯಡಿ ಅಪರಾಧ. ಫೋನ್‌ಪೇಯಲ್ಲಿ ಕೊಟ್ಟಿದ್ದರೆ ಅದರ ಸ್ಕ್ರೀನ್‌ಶಾಟ್, ಅವರು ಕಳಿಸಿದ ವಾಟ್ಸಾಪ್ ಮಾತುಗಳು, ಧ್ವನಿ ಸಂದೇಶ ಯಾವುದನ್ನೂ ಅಳಿಸಬೇಡಿ.